ನಡುಮನೆಯ ನೀಲಿ

ನಮ್ಮ ಮನೆಗೆ ಇರುವುದು ಒಂದೇ ಒಳ್ಳೆಯ ಕಿಟಕಿ. ಬೀದಿಯ ಕಡೆಗೆ, ನಡುಮನೆಯಲ್ಲಿ. ಮಿಕ್ಕವು ಪಕ್ಕದ ಮನೆಯ ಗೋಡೆಯನ್ನು ನೋಡಿಕೊಂಡು ನಿಂತಿವೆ. ಮದುವೆಯಾಗಿ ಬಂದ ಹೊಸದರಲ್ಲೇ ನನ್ನ ಹೊಲಿಗೆ ಮಷೀನನ್ನು ಆ ಕಿಟಕಿಯ ಕೆಳಗೆ ಇಟ್ಟುಕೊಂಡೆ. ಮಕ್ಕಳ ಯೂನಿಫಾರಂ, ಗಂಡಸರ ಅಂಗಿ, ಪರದೆ, ದಿಂಬಿನ ಚೀಲ, ಏನು ಬಂದರೂ ಅಲ್ಲೇ ಕೂತು ಹೊಲಿದೆ. ಈಗ ಆ ಕಿಟಕಿಗೆ ಕಪ್ಪು ಬಣ್ಣ ಬಳಿದ ಹಲಗೆ ಹೊಡೆದಿದೆ. ಮೊದಲು ಹೊಡೆದವರು ನನ್ನ ಗಂಡ. ಕಾರಣ ಒಂದು ಸಿನಿಮಾ.

ಹೇಳಿದರೆ ಜನ ನಗುತ್ತಾರೆ. ನಗುವವರು ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಲಿ, ಆಮೇಲೆ ಮಾತಾಡೋಣ.

ಅದು ದೋಣಿ ನಡೆಸುವ ಹೆಂಗಸೊಬ್ಬಳ ಕಥೆಯ ಹಳೆಯ ಸಿನಿಮಾ. ನೋಡಿದವರೇ ಕಡಿಮೆ, ನೆನಪಿಟ್ಟುಕೊಂಡವರು ಇನ್ನೂ ಕಡಿಮೆ. ಮೂಲ ನೆಗೆಟಿವ್ ಯಾವುದೋ ಗೋದಾಮಿನಲ್ಲಿ ಸುಟ್ಟುಹೋಯಿತಂತೆ. ಉಳಿದದ್ದು ಥಿಯೇಟರಿನಿಂದ ಥಿಯೇಟರಿಗೆ ಅಲೆದು ಮೈತುಂಬ ಗೀರು ಬಿದ್ದ ಒಂದು ಪ್ರಿಂಟು ಮಾತ್ರ. ಆ ಸಿನಿಮಾಕ್ಕೆ ಪ್ರಾಣ ಬಿಡುವ ಒಂದಷ್ಟು ಜನ ಬೇರೆ ಬೇರೆ ಊರುಗಳಲ್ಲಿದ್ದಾರೆ. ಫೋನಿನಲ್ಲಿ ಗುಂಪು ಕಟ್ಟಿಕೊಂಡು, ಪ್ರಿಂಟನ್ನು ಕಂಪ್ಯೂಟರಿಗೆ ಇಳಿಸಿ, ಅದನ್ನು ಹೊಸದರ ಹಾಗೆ ಮಾಡುತ್ತೇವೆಂದು ಹೊರಟರು. ಮಾಡಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಒಬ್ಬ ಧ್ವನಿ ಹಿಡಿದುಕೊಂಡ. ಇನ್ನೊಬ್ಬ ಒಂದೊಂದೇ ಚಿತ್ರದ ಮೇಲಿನ ಧೂಳಿನ ಚುಕ್ಕೆ ಅಳಿಸುವ ಕೆಲಸ ಹಿಡಿದ, ಅವನನ್ನು ನಾವು ಧೂಳಣ್ಣ ಎಂದೇ ಕರೆಯುವುದು. ಬಣ್ಣ ಸರಿಮಾಡುವ ಕೆಲಸ ಅದೇ ಗುಂಪಿನಲ್ಲಿದ್ದ ನನ್ನ ಗಂಡನ ಪಾಲಿಗೆ ಬಂತು.

ಇವರು ಕಾರ್ಖಾನೆಯ ಸ್ಟೋರ್ ಕೀಪರ್ ಆಗಿದ್ದವರು. ಕಾರ್ಖಾನೆ ಆ ವಿಭಾಗವನ್ನೇ ಮುಚ್ಚಿ ಇವರನ್ನು ಮನೆಗೆ ಕಳಿಸಿತು. ಯಾವ ಬೋಲ್ಟು ಯಾವ ಗೂಡಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಮನುಷ್ಯ, ಮನೆಯಲ್ಲಿ ಕೂತು ಹುಚ್ಚು ಹಿಡಿದವರ ಹಾಗೆ ಅಡುಗೆಮನೆಯ ಡಬ್ಬಿಗಳನ್ನು ಎತ್ತಿಡಲು ಶುರುಮಾಡಿದರು. ಅದಕ್ಕೇ ಸಿನಿಮಾ ಬಂದಾಗ ನಾನೇ, ಹೋಗಲಿ ಡಬ್ಬಿಗಳ ಕಾಟ ತಪ್ಪಿತು ಎಂದು ಸುಮ್ಮನಾದೆ.

ಮೊದಲು ಬಂದದ್ದು ದೊಡ್ಡ ಟಿವಿ. ಅಂಗಡಿಯಲ್ಲಿ ಕಣ್ಣು ಕುಕ್ಕುವ ಹಾಗಿದ್ದ ಟಿವಿ ನಮ್ಮ ಮನೆಗೆ ಬಂದು ಮಂಕಾಯಿತು. ಅಂಗಡಿಯವರು ಗಿರಾಕಿಯನ್ನು ಎಳೆಯಲು ಬಣ್ಣ ಏರಿಸಿಟ್ಟಿರುತ್ತಾರೆ, ಅದೆಲ್ಲ ಸುಳ್ಳು ಬಣ್ಣ ಎಂದು ಇವರು ಎಲ್ಲವನ್ನೂ ಇಳಿಸಿದರು. ಆಮೇಲೆ ಒಂದು ಮೀಟರ್ ತರಿಸಿದರು. ಅಂಗೈಯಷ್ಟು ದೊಡ್ಡದು. ಅದನ್ನು ಪರದೆಯ ಮೇಲೆ ನೇತುಹಾಕಿದರೆ ಟಿವಿ ತೋರಿಸುವ ಬಿಳಿ ನಿಜವಾದ ಬಿಳಿಯೋ ಅಲ್ಲವೋ ಎಂದು ಲೆಕ್ಕ ಹೇಳುತ್ತದೆ. ಟಿವಿ ಸರಿಹೋಯಿತು. ಆದರೆ ಕೋಣೆ ಸರಿಯಿಲ್ಲ ಎಂದರು. ಹಳದಿ ಗೋಡೆಯ ಬಣ್ಣ ಪರದೆಗೆ ಬೀಳುತ್ತದಂತೆ. ಗೋಡೆಗೆಲ್ಲ ಬೂದು ಬಳಿದರು. ಬಿಸಿಲು ಬರುತ್ತದೆ ಎಂದು ಕಿಟಕಿಗೆ ಹಲಗೆ ಬಂತು. ನನ್ನ ಮಷೀನು ಅಡುಗೆಮನೆಯ ಹೊರಗಿನ, ಬೆಳಕು ಬಾರದ ಓಣಿಗೆ ಹೋಯಿತು. ಅಲ್ಲಿ ಒಂದು ಬಲ್ಬು. ಇವರು ಕತ್ತಲೆಯ ದೃಶ್ಯ ನೋಡುವಾಗ ಅದನ್ನೂ ಆರಿಸಬೇಕು. ಇಲ್ಲದಿದ್ದರೆ ಕಪ್ಪು ಕಪ್ಪಾಗಿ ಕಾಣುವುದಿಲ್ಲವಂತೆ.

ಬಟ್ಟೆಯನ್ನೂ ಬಿಡಲಿಲ್ಲ. ಕೆಂಪು ಬಟ್ಟೆ ಹಾಕಿಕೊಂಡು ಟಿವಿ ಮುಂದೆ ಓಡಾಡಿದರೆ ಪರದೆಯಲ್ಲಿ ಕೆಂಪು ಮೂಡುತ್ತದೆ ಎಂದು ನನಗೂ ಅತ್ತೆಗೂ ಬೂದು ಬಣ್ಣದ ಹೊದಿಕೆ ತಂದುಕೊಟ್ಟರು. ಅತ್ತೆ ಎಂಬತ್ತು ದಾಟಿದವರು, ನಡುಮನೆಯ ಮೂಲೆಯ ಮಂಚವೇ ಅವರ ಊರು. ಹೊದಿಕೆ ಹೊದ್ದುಕೊಂಡು ನನ್ನ ಕಡೆ ತಿರುಗಿ, "ನೋಡೇ, ಇಬ್ಬರೂ ಇಲಿಗಳ ಹಾಗೆ ಆದ್ವಿ. ಇನ್ನು ಬೆಕ್ಕೊಂದು ತಂದುಬಿಟ್ರೆ ಇವನ ಕೆಲಸ ಪೂರ್ತಿ ಆಗುತ್ತೆ," ಎಂದರು. ಅವರಿಗೆ ಮಧ್ಯಾಹ್ನದ ಧಾರಾವಾಹಿ ಬೇಕು. ಈ ಟಿವಿಯಲ್ಲಿ ಅದರ ಸೊಸೆಯಂದಿರೆಲ್ಲ ಜ್ವರ ಬಂದು ಎದ್ದವರ ಹಾಗೆ ಕಾಣುತ್ತಾರೆ ಎಂದು ಅವರ ದೂರು. ರಿಮೋಟಿನಲ್ಲಿ ಬಣ್ಣ ಏರಿಸಲು ಹೋಗಿ ಒಮ್ಮೆ ಸಿಕ್ಕಿಬಿದ್ದರು. ಇವರು ಎರಡು ದಿನ ತಾಯಿಯ ಜೊತೆ ಮಾತು ಬಿಟ್ಟಿದ್ದರು.

ಗಿರಾಕಿಗಳು ಕಡಿಮೆಯಾದರು. ಬಾಗಿಲು ತಟ್ಟಿ ಕಾಯಬೇಕು, ಒಳಗೆ ಬಂದರೆ ತಡವರಿಸಬೇಕು, ಓಣಿಯಲ್ಲಿ ನಿಂತು ಅಳತೆ ಕೊಡಬೇಕು. ಯಾರಿಗೆ ಬೇಕಾಗಿದೆ? ಬಂದ ಒಬ್ಬ ಮೇಷ್ಟರ ಕಪ್ಪು ಕೋಟಿಗೆ ನಾನು ಕಡುನೀಲಿ ದಾರ ಹಾಕಿ ಹೊಲಿದುಕೊಟ್ಟೆ. ಓಣಿಯ ಬಲ್ಬಿನಲ್ಲಿ ಎರಡೂ ಒಂದೇ. ಅವರು ಬಿಸಿಲಲ್ಲಿ ನಿಂತು ತೋಳನ್ನು ತೋರಿಸಿದಾಗ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹೊಲಿಗೆ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅದೂ ಹೋಯಿತೆಂದರೆ ನಾನು ಆ ಮನೆಯಲ್ಲಿ ಅನ್ನ ಬೇಯಿಸುವ ಇನ್ನೊಂದು ಪಾತ್ರೆ, ಅಷ್ಟೇ.

ಅಂದು ಜಗಳ ಬೀದಿಗೆ ಕೇಳಿಸಿತು. ಕೊನೆಗೆ ಇವರು ತಾಯಿಯ ಎದುರಿಗೆ ಮಾತು ಕೊಟ್ಟರು: ಸಿನಿಮಾ ಮುಗಿದು ಗುಂಪಿಗೆ ಕಳಿಸಿದ ದಿನವೇ ಹಲಗೆ ತೆಗೆಯುತ್ತೇನೆ, ಮಷೀನು ಕಿಟಕಿಯ ಕೆಳಗೆ ಬರುತ್ತದೆ, ಆಮೇಲೆ ಜನ್ಮದಲ್ಲಿ ಇನ್ನೊಂದು ಸಿನಿಮಾ ಮುಟ್ಟುವುದಿಲ್ಲ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮೂರು ವರ್ಷ ಹಿಡಿದುಕೊಂಡೆ.

ಸಿನಿಮಾ ನೀಲಿಯಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಎರಡನೆಯ ವರ್ಷ. ಟೀ ಕೊಡಲು ಹೋದಾಗೆಲ್ಲ ಪರದೆಯ ಕಡೆ ಕಣ್ಣು ಹೋಗುತ್ತಿತ್ತು. ಮೊದಮೊದಲು ದೋಣಿಯವಳ ಮುಖ ಬಿಸಿಲಲ್ಲಿ ಬೆಂದ ಮುಖದ ಹಾಗಿತ್ತು, ಚೆನ್ನಾಗಿತ್ತು. ಬರಬರುತ್ತ ಬಾವಿಯಿಂದ ಎತ್ತಿದವಳ ಹಾಗಾದಳು. ಅವಳ ಬಿಳಿ ಬಟ್ಟೆ ನೀಲಿ, ಮರಳು ನೀಲಿ, ನಗುವಾಗ ಹಲ್ಲೂ ನೀಲಿ. ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ, ಹೇಳಿದೆ. ಇವರು ಉರಿದುಬಿದ್ದರು. ಹಳೆಯ ಪ್ರಿಂಟು ಹಳದಿ ತಿರುಗಿದೆ, ಆ ಹಳದಿಯನ್ನು ಎಷ್ಟು ತೆಗೆದರೂ ಹೋಗುತ್ತಿಲ್ಲ, ನೀನು ನೋಡಿದರೆ ನೀಲಿ ಅನ್ನುತ್ತೀಯ ಎಂದು ಮೀಟರ್ ತಂದು ಪರದೆಗೆ ನೇತುಹಾಕಿದರು. ಟಿವಿ ಸರಿಯಾಗಿದೆ ಎಂದಿತು ಮೀಟರ್. ಅದು ನಿಜವೇ ಹೇಳಿತು. ಟಿವಿಯಲ್ಲಿ ಏನೂ ತಪ್ಪಿರಲಿಲ್ಲ.

"ಓಣಿ ಕತ್ತಲೇಲಿ ಕೂತು ಕೂತು ನಿನ್ನ ಕಣ್ಣೇ ಕೆಟ್ಟಿದೆ," ಎಂದರು.

ಮೈ ಉರಿದುಹೋಯಿತು. ನನ್ನನ್ನು ಓಣಿಯಲ್ಲಿ ಕೂರಿಸಿದವರು ಯಾರು? ಟೀ ಲೋಟವನ್ನು ನೆಲಕ್ಕೆ ಕುಕ್ಕಿ ಎದ್ದುಬಂದೆ. ಆದರೆ ಅಡುಗೆಮನೆಯಲ್ಲಿ ನಿಂತಾಗ ಅತ್ತೆಯ ಕಣ್ಣಿನ ಆಪರೇಷನ್ ನೆನಪಾಯಿತು. ಪೊರೆ ತೆಗೆಸಿ, ಪಟ್ಟಿ ಬಿಚ್ಚಿ ಮನೆಗೆ ಕರೆತಂದಾಗ ಅವರು ಬಾಗಿಲಲ್ಲೇ ನಿಂತು, ಯಾರು ಹಾಸಿಗೆಗೆ ಹೊಸ ಬಟ್ಟೆ ಹಾಸಿದ್ದು, ಇಷ್ಟೊಂದು ಬೆಳ್ಳಗಿದೆ ಎಂದು ಕೇಳಿದ್ದರು. ಅದು ಹಳೆಯ ಬಟ್ಟೆಯೇ. ಪೊರೆಯ ಹಿಂದಿನಿಂದ ಅವರಿಗೆ ಅಷ್ಟು ವರ್ಷವೂ ಅದು ಹಳದಿಯಾಗಿ ಕಂಡಿತ್ತು. ಮಾರನೆಯ ದಿನವೇ ಇವರಿಗೆ, ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬನ್ನಿ ಎಂದೆ. ಕೂದಲೆಳೆಯಷ್ಟು ಗೀರು ಕಂಡುಹಿಡಿಯುವ ಕಣ್ಣಿದು, ಅದಕ್ಕೇನಾಗಿದೆ ಎಂದು ನಕ್ಕರು. ಸರಿ, ಇನ್ನು ನನಗೇಕೆ ಎಂದು ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಗುಂಪಿನವರು ಹೇಳುತ್ತಾರೆ ಎಂದುಕೊಂಡಿದ್ದೆ. ಇವರು ಆಗಾಗ ತುಣುಕುಗಳನ್ನು ಕಳಿಸುತ್ತಿದ್ದರು. ಅಲ್ಲಿಂದ ಬರುತ್ತಿದ್ದುದು ಹೊಗಳಿಕೆ ಮಾತ್ರ. ಅಣ್ಣ, ಕೈಮುಗಿದೆ. ಅಣ್ಣ, ಕಣ್ಣು ತುಂಬಿಬಂತು. ಆ ಜನಕ್ಕೆ ನನ್ನ ಗಂಡ ಎಂದರೆ ದೊಡ್ಡ ಗುರು.

ಹೀಗೇ ಆ ಶುಕ್ರವಾರ ಬಂತು. ಧೂಳಣ್ಣ ಸಿನಿಮಾ ತೋರಿಸುವ ಒಂದು ಸಣ್ಣ ಹಾಲ್ ಗೊತ್ತುಮಾಡಿದ್ದ. ಭಾನುವಾರ ಗುಂಪಿನವರೆಲ್ಲ ಬಸ್ಸು ರೈಲು ಹತ್ತಿ ಬಂದು ಒಟ್ಟಿಗೆ ಕೂತು ನೋಡುವುದು, ಆಮೇಲೆ ಬೇಕಾದವರಿಗೆಲ್ಲ ಹಂಚುವುದು ಎಂದು ಮಾತಾಗಿತ್ತು. ಅಂದು ಸಂಜೆಯೊಳಗೆ ಇವರು ಕಳಿಸಬೇಕು. ಬೆಳಿಗ್ಗೆ ಎದ್ದವರೇ ಗಡ್ಡ ಹೆರೆದುಕೊಂಡು ಓಣಿಗೆ ಬಂದು ನಿಂತರು. ಏನೋ ಕೇಳುವುದಿದೆ ಎಂದು ಮುಖ ನೋಡಿದರೇ ತಿಳಿಯಿತು.

"ಏನೇ, ಇವತ್ತು ನನ್ನ ಪಕ್ಕ ಕೂತು ಪೂರ್ತಿ ನೋಡ್ತೀಯಾ? ದಾರ ಹೊಂದಿಸಿದ ಕಣ್ಣು ನಿಂದು. ನೀನು ಸರಿ ಅಂದ್ರೆ ಕಳಿಸಿಬಿಡ್ತೀನಿ."

ಅಂದು ಬೈದದ್ದಕ್ಕೆ ಇದು ಅವರ ತಪ್ಪೊಪ್ಪಿಗೆ. ಅದಕ್ಕಿಂತ ಹೆಚ್ಚು ಆ ಮನುಷ್ಯನ ಬಾಯಲ್ಲಿ ಬರುವುದಿಲ್ಲ, ನನಗೆ ಗೊತ್ತು. ಬೂದು ಹೊದಿಕೆ ಹೊದ್ದು ಪಕ್ಕದಲ್ಲಿ ಕೂತೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಕಗ್ಗತ್ತಲು. ದೋಣಿ ಹೊರಟಿತು. ಗೀರಿಲ್ಲ, ಚುಕ್ಕೆಯಿಲ್ಲ, ನೀರಿನ ಒಂದೊಂದು ಅಲೆಯೂ ಎದ್ದು ಕಾಣುತ್ತಿತ್ತು. ಇಷ್ಟು ಚಂದ ಮಾಡಿದ್ದಾರಲ್ಲ ಎಂದು ಒಮ್ಮೆ ಹೆಮ್ಮೆಯೂ ಆಯಿತು. ಆಮೇಲೆ ಅವಳ ಮುಖ ಹತ್ತಿರ ಬಂತು. ಹೆಣದ ಮುಖ. ಅವಳು ಹಾಡಿದಳು, ಅತ್ತಳು, ಮಗುವನ್ನು ಎತ್ತಿಕೊಂಡಳು. ಮಗುವೂ ನೀಲಿ.

ನಾನು ಸಿನಿಮಾ ನೋಡಲಿಲ್ಲ, ಲೆಕ್ಕ ಹಾಕುತ್ತಿದ್ದೆ. ನೀಲಿ ಎಂದರೆ ಏನಾಗುತ್ತದೆ? ಮೊದಲು ಜಗಳ. ಆಮೇಲೆ ಡಾಕ್ಟರು. ಒಂದು ಕಣ್ಣು, ಸ್ವಲ್ಪ ಕಾಲ ಬಿಟ್ಟು ಇನ್ನೊಂದು ಕಣ್ಣು. ಅದಾದ ಮೇಲೆ ಈ ಮನುಷ್ಯ ಸುಮ್ಮನೆ ಕೂರುತ್ತಾರೆಯೇ? ಮೊದಲ ಚಿತ್ರದಿಂದ ಮತ್ತೆ. ಹಲಗೆ ಅಲ್ಲೇ, ಓಣಿ ಅಲ್ಲೇ, ನಾನು ಅಲ್ಲೇ. ಸರಿಯಿದೆ ಎಂದರೆ? ಇಂದು ಸಂಜೆಯೇ ನನ್ನ ಕಿಟಕಿ ನನಗೆ. ಭಾನುವಾರ ಏನಾದರೂ ಆಗಲಿ. ಇಷ್ಟು ದಿನ ಹೊಗಳಿದವರು ಅಂದೂ ಹೊಗಳಬಹುದು. ಸಿನಿಮಾ ಹಾಳಾದರೆ ಯಾರ ಮನೆ ಮುಳುಗುತ್ತದೆ?

ಮುಗಿಯಿತು. ಇವರು ನನ್ನ ಕಡೆ ತಿರುಗಿದರು. ಕತ್ತಲಲ್ಲಿ ಮುಖ ಕಾಣಲಿಲ್ಲ. ಅದರಿಂದಲೇ ಸುಲಭವಾಯಿತು.

"ಸರಿಯಿದೆ," ಎಂದೆ.

ಮೂಲೆಯ ಮಂಚದಿಂದ ಅತ್ತೆ ಕೆಮ್ಮಿದರು. ಅದು ಕೆಮ್ಮಲ್ಲ, ಅವರ ಕೆಮ್ಮಿನಲ್ಲಿ ಯಾವುದು ಮಾತು ಯಾವುದು ಕಫ ಎಂದು ನನಗೆ ತಿಳಿಯುತ್ತದೆ.

ಇವರು ಎದ್ದುಹೋಗಿ ಸ್ಕ್ರೂಡ್ರೈವರ್ ತಂದರು. ಕಳಿಸುವ ಮೊದಲೇ ಹಲಗೆ ತೆಗೆಯುತ್ತೇನೆ, ನಿನಗೆ ಕೊಟ್ಟ ಮಾತು ಮೊದಲು ಎಂದು ಸ್ಟೂಲು ಹತ್ತಿದರು. ಒಂದೊಂದೇ ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಹಲಗೆ ಸಡಿಲವಾಗಿ ಒಂದು ಕಡೆಗೆ ವಾಲಿತು, ಅದರ ಸಂದಿನಿಂದ ಬಿಸಿಲು ಕತ್ತರಿಯ ಹಾಗೆ ಒಳಗೆ ಬಂತು. ಆಮೇಲೆ ಪೂರ್ತಿ. ಬೂದು ಗೋಡೆ, ಬೂದು ಅತ್ತೆ, ಮೂರು ವರ್ಷದ ಧೂಳು, ಎಲ್ಲವೂ ಒಮ್ಮೆಗೇ ಕಾಣಿಸಿಕೊಂಡವು. ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತೆ. ಬೀದಿಯಲ್ಲಿ ಒಬ್ಬಳು ಹಸಿರು ಕೊಡೆ ಹಿಡಿದು ಹೋಗುತ್ತಿದ್ದಳು. ಆ ಹಸಿರು ನೋಡಿ ನನಗೆ ಅಳು ಬಂತು.

ಇವರು ಸ್ಟೂಲಿನಿಂದ ಇಳಿದು ನನ್ನ ಎದುರಿಗೆ ನಿಂತು, ಈಗ ಸಂತೋಷವಾ ಎಂದರು. ಬಿಸಿಲು ನೇರವಾಗಿ ಅವರ ಮುಖಕ್ಕೆ ಬಿದ್ದಿತ್ತು. ನಾನು ಅವರ ಕಣ್ಣು ನೋಡಿದೆ. ಬೆಳಕಿನಲ್ಲಿ ಆ ಕಣ್ಣುಗಳನ್ನು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತೋ. ಎರಡೂ ಪಾಪೆಗಳಲ್ಲಿ ಕೆಸರು ಕದಡಿದ ನೀರಿನ ಹಾಗೆ ಮಸುಕು. ನಾನು ನಿಂತದ್ದು ಎಲ್ಲಿ ಎಂದು ಹುಡುಕುವವರ ಹಾಗೆ ಅವರು ರೆಪ್ಪೆ ಬಡಿಯುತ್ತಿದ್ದರು. ಬಿಸಿಲು ಅವರಿಗೆ ಚುಚ್ಚುತ್ತಿತ್ತು. ಆದರೂ ನಗುತ್ತಿದ್ದರು.

ಅನುಮಾನ ಬೇರೆ, ಕಣ್ಣಾರೆ ಕಾಣುವುದು ಬೇರೆ. ಈ ಕಣ್ಣನ್ನು ನಂಬಿ ಭಾನುವಾರ ಇವರು ಹೊಸ ಅಂಗಿ ಹಾಕಿಕೊಂಡು ಅಷ್ಟು ಜನರ ಮುಂದೆ ಹೋಗಿ ಕೂರುತ್ತಾರೆ. ಅವಳ ನೀಲಿ ಮುಖ ಗೋಡೆಯಷ್ಟು ದೊಡ್ಡದಾಗಿ ಬರುತ್ತದೆ. ಇವರಿಗೊಬ್ಬರಿಗೆ ಬಿಟ್ಟು ಎಲ್ಲರಿಗೂ ಕಾಣುತ್ತದೆ. ನನ್ನ ಹೆಂಡತಿ ನೋಡಿ ಸರಿ ಎಂದಳು ಎಂದು ಇವರು ಎಲ್ಲರಿಗೂ ಹೇಳಿಯೂ ಹೇಳುತ್ತಾರೆ.

ಇವರು ಕಂಪ್ಯೂಟರಿನ ಮುಂದೆ ಕೂತು ಮೌಸಿನ ಮೇಲೆ ಕೈಯಿಟ್ಟಿದ್ದರು.

"ಕಳಿಸಬೇಡಿ ರೀ," ಎಂದೆ. "ನಾನು ಸುಳ್ಳು ಹೇಳಿದೆ. ಅದು ನೀಲಿಯಾಗಿದೆ. ಮೊದಲಿಂದ ಕೊನೇವರೆಗೂ ನೀಲಿ."

ಕೈ ಅಲ್ಲೇ ನಿಂತಿತು. ಏಕೆ ಸುಳ್ಳು ಹೇಳಿದೆ ಎಂದು ಅವರು ಕೇಳಲಿಲ್ಲ. ಕಿಟಕಿಯ ಕಡೆ ನೋಡಿದರು, ಅಷ್ಟರಲ್ಲೇ ಎಲ್ಲ ಅರ್ಥವಾಯಿತು ಎಂದು ಕಾಣುತ್ತದೆ. ನಾನು ಓಣಿಗೆ ಹೋಗಿ ಕತ್ತರಿಸದ ಹೊಸ ಬಿಳಿ ಬಟ್ಟೆಯ ಥಾನನ್ನು ತಂದು ಬಿಸಿಲಿನಲ್ಲಿ ಹರಡಿದೆ. ಇದು ಯಾವ ಬಣ್ಣ, ನಿಜ ಹೇಳಿ ಎಂದೆ. ಅವರು ಬಗ್ಗಿ, ಮುಟ್ಟಿ, ಬಹಳ ಹೊತ್ತು ನೋಡಿದರು. ಬಿಳಿ ಎಂದು ಹೇಳಿಬಿಡಬಹುದಿತ್ತು. ಬಟ್ಟೆ ಬಿಳಿಯದೇ ಎಂದು ಅವರಿಗೂ ಗೊತ್ತಿತ್ತು. ಆದರೆ ಬಣ್ಣದ ವಿಷಯದಲ್ಲಿ ಆ ಮನುಷ್ಯ ಸುಳ್ಳು ಹೇಳುವುದಿಲ್ಲ.

"ಬೆಣ್ಣೆ," ಎಂದರು. "ಕಾಸೋಕೆ ಇಟ್ಟ ಬೆಣ್ಣೆ ಬಣ್ಣ."

"ನಿನ್ನಪ್ಪನಿಗೂ ಹಿಂಗೇ ಆಗಿತ್ತು ಕಣೋ," ಎಂದರು ಅತ್ತೆ ಮಂಚದಿಂದ. "ನನಗೂ ಆಯ್ತು. ಪೊರೆ ಬರೋದ್ರಲ್ಲಿ ಏನು ಮರ್ಯಾದೆ ಹೋಗುತ್ತೆ? ಎದ್ದು ಮುಖ ತೊಳಕೊ."

ಅವರು ಏಳಲಿಲ್ಲ. ಬಟ್ಟೆಯ ಅಂಚನ್ನು ಬೆರಳಿನಲ್ಲಿ ಹೊಸೆಯುತ್ತ ಕೂತರು. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು, ಜಗಳವಾಡುವುದು ನನಗೆ ಬರುತ್ತದೆ. ಆ ಮೌನ ಬರುವುದಿಲ್ಲ. ಕೊನೆಗೆ ಫೋನು ತೆಗೆದುಕೊಂಡು ನಾನೇ ಧೂಳಣ್ಣನಿಗೆ ಮಾಡಿದೆ. ಭಾನುವಾರದ್ದು ನಿಲ್ಲಿಸಪ್ಪ, ನಿಮ್ಮಣ್ಣನ ಕಣ್ಣಿಗೆ ಪೊರೆ ಬಂದಿದೆ, ಬಣ್ಣವೆಲ್ಲ ನೀಲಿಯಾಗಿದೆ ಎಂದೆ.

"ಅತ್ತಿಗೆ, ನಮಗೂ ನೀಲಿ ಕಾಣ್ತಿತ್ತು," ಎಂದ. "ಅಣ್ಣ ಮೀಟರ್ ಇಟ್ಟು ಮಾಡಿದ್ದು, ಅವರದ್ದು ತಪ್ಪಾಗುತ್ತಾ? ನಮ್ಮ ಟಿವಿಗಳೇ ಸರಿ ಇಲ್ಲ ಅಂದ್ಕೊಂಡ್ವಿ. ಅದಕ್ಕೇ ಎಲ್ಲರೂ ಅಣ್ಣನ ತುಣುಕು ನೋಡ್ಕೊಂಡು ನಮ್ಮ ನಮ್ಮ ಟಿವೀನ ಹಳದಿಗೆ ತಿರುಗಿಸಿಕೊಂಡಿದ್ದೀವಿ. ನಮ್ಮ ಮನೇಲಿ ವಾರ್ತೆ ಓದೋನಿಗೆ ಕಾಮಾಲೆ ಬಂದ ಹಾಗಿದೆ, ಹೆಂಡತಿ ದಿನಾ ಬೈತಾಳೆ."

ನಗಬೇಕೋ ಫೋನು ಎಸೆಯಬೇಕೋ ತಿಳಿಯಲಿಲ್ಲ. ನಾನು ಕತ್ತಲಲ್ಲಿ ಕೂತದ್ದು ಒಂದು ಮನೆಯ ಕಥೆ ಎಂದುಕೊಂಡಿದ್ದೆ. ಅಲ್ಲ. ಒಬ್ಬನೂ ಬಾಯಿಬಿಡದೆ, ಒಬ್ಬ ಮನುಷ್ಯನ ಪೊರೆಯನ್ನು ಊರೂರಲ್ಲಿ ಟಿವಿಗೆ ಹಾಕಿಕೊಂಡು ಕೂತಿದ್ದರು. ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಇವರಿಗೆ ಬೈಯಬೇಕಾದ್ದು, ನನಗೆ ನಾನೇ ಬೈದುಕೊಳ್ಳಬೇಕಾದ್ದು, ಎಲ್ಲವನ್ನೂ ಅವನೇ ತಿಂದ.

ಬಲಗಣ್ಣಿನ ಆಪರೇಷನ್ ಮೊದಲು ಆಯಿತು. ಅದು ವಾಸಿಯಾದ ಮೇಲೆ ಎಡಗಣ್ಣು ಎಂದರು ಡಾಕ್ಟರು. ಆ ದಿನಗಳಲ್ಲಿ ಕಿಟಕಿ ತೆರೆದೇ ಇತ್ತು. ಮಷೀನು ಅದರ ಕೆಳಗೆ ಬಂತು. ನಾನು ಬಿಟ್ಟೂಬಿಡದೆ ಹೊಲಿದೆ. ಮೇಷ್ಟರು ಬಂದು ಪ್ಯಾಂಟು ಕೊಟ್ಟುಹೋದರು. ಇವರು ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದರು. ಕಂಪ್ಯೂಟರಿನ ಸುದ್ದಿ ಎತ್ತಲಿಲ್ಲ. ಮನೆ ಶಾಂತವಾಗಿತ್ತು. ಇಷ್ಟು ಸುಲಭವಾಗಿ ಮುಗಿಯಿತೇ ಎಂದು ನಾನು ಒಳಗೊಳಗೇ ಹೆದರುತ್ತಿದ್ದೆ.

ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಮಧ್ಯಾಹ್ನ ಇವರು ಟಿವಿ ಹಾಕಿದರು. ದೋಣಿಯವಳ ಮುಖವನ್ನು ನಿಲ್ಲಿಸಿಕೊಂಡು, ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲಗಣ್ಣು. ನಾನು ಮಷೀನು ನಿಲ್ಲಿಸಿದೆ.

"ಇವಳನ್ನ ಕೊಂದುಬಿಟ್ಟಿದ್ದೀನಲ್ಲೇ," ಎಂದರು, ಮೆಲ್ಲಗೆ.

ಆಮೇಲೆ ಬಂದು ನನ್ನ ಮಷೀನಿನ ಪಕ್ಕ ನಿಂತರು. ಒಂದು ಕಣ್ಣಿಗೆ ಒಂದು ಬಣ್ಣ, ಇನ್ನೊಂದಕ್ಕೆ ಇನ್ನೊಂದು, ಎರಡನ್ನೂ ನಂಬುವ ಧೈರ್ಯ ಇನ್ನು ತಮಗಿಲ್ಲ ಎಂದರು. ಎಡಗಣ್ಣು ಸರಿಹೋದ ಮೇಲೂ ಇಲ್ಲ. ನೀನು ಪಕ್ಕದಲ್ಲಿ ಕೂತು ಹೇಳಿದರೆ ಮಾಡುತ್ತೇನೆ. ಬೇಡ ಎಂದರೆ ಎಲ್ಲವನ್ನೂ ಅಳಿಸಿಬಿಡುತ್ತೇನೆ, ಮತ್ತೆ ಕೇಳುವುದಿಲ್ಲ, ಕಿಟಕಿ ನಿನ್ನದು. ಇಷ್ಟು ಹೇಳಿ ಉತ್ತರಕ್ಕೆ ಕಾದರು.

ಗದರಿಸಿದ್ದರೆ ಗದರಿಸಿ ಕಳಿಸುತ್ತಿದ್ದೆ. ಕೇಳಿಕೊಂಡರೆ ಏನು ಮಾಡುವುದು? ಬೇಡ ಎನ್ನಲು ಬಾಯಿ ತೆರೆದೆ. ಪರದೆಯ ಮೇಲೆ ಅವಳಿದ್ದಳು. ಬಿಸಿಲಿನಲ್ಲಿ ಅವಳ ಮುಖ ಇನ್ನೂ ಕೆಟ್ಟದಾಗಿ, ತೊಳೆದ ಚಿಂದಿಯ ಹಾಗೆ ಕಾಣುತ್ತಿತ್ತು. ಮೂರು ವರ್ಷದ ಹಿಂದೆ ಟೀ ಕೊಡಲು ಹೋದಾಗ ನಾನು ನೋಡಿದ ಮುಖ ಅದಲ್ಲ. ಆ ಬೆಂದ ಬಣ್ಣ ಈಗ ಇರುವುದು ನನ್ನ ನೆನಪಿನಲ್ಲಿ ಮಾತ್ರ. ಮೀಟರಿಗೆ ಗೊತ್ತಿಲ್ಲ, ಇವರಿಗೆ ಗೊತ್ತಿಲ್ಲ, ಆ ಬಾಯಿಲ್ಲದ ಗುಂಪಿಗೆ ಮೊದಲೇ ಗೊತ್ತಿಲ್ಲ. ಹೊಲಿದದ್ದು ಸೊಟ್ಟಗಿದೆ ಎಂದು ಕಂಡ ಮೇಲೆ ನಾನು ಯಾವತ್ತೂ ಹಾಗೇ ಬಿಟ್ಟವಳಲ್ಲ. ಆ ದರಿದ್ರ ಬುದ್ಧಿಗೆ ಏನು ಮಾಡಲಿ?

"ಹಲಗೆಯ ಆ ಕಡೆ ಹಿಡ್ಕೊಳ್ಳಿ," ಎಂದೆ. "ನಿಮಗೆ ಭಾರ ಎತ್ತಬೇಡಿ ಅಂದಿದ್ದಾರೆ. ಬರೀ ಹಿಡ್ಕೊಳ್ಳಿ, ಸ್ಕ್ರೂ ನಾನು ಹಾಕ್ತೀನಿ."

ಹಾಕಿದೆ. ನನ್ನ ಕೈಯಾರೆ ಹಾಕಿದೆ, ಹಲ್ಲು ಕಚ್ಚಿಕೊಂಡು, ಅವರ ಮನೆತನವನ್ನೆಲ್ಲ ಬೈಯುತ್ತ. ಕೊನೆಯ ಸಂದು ಮುಚ್ಚಿದಾಗ ಅತ್ತೆ ಕತ್ತಲಲ್ಲಿ ತಡಕಾಡಿ ಬೂದು ಹೊದಿಕೆಯನ್ನು ನನ್ನ ಕಡೆ ಎಸೆದು, ತಾವು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೊದ್ದುಕೊಂಡು ಇವರ ಪಕ್ಕದ ಸ್ಟೂಲಿನ ಮೇಲೆ ಕೂತೆ.

ಮೊದಲ ದೃಶ್ಯ. ದೋಣಿ ದಡದಲ್ಲೇ ಇತ್ತು.

"ಹೇಳು," ಎಂದರು.

"ನೀಲಿ."

ಸ್ವಲ್ಪ ತಿರುಗಿಸಿದರು. "ಈಗ?"

"ಇನ್ನೂ."